ಇಎ189 ಎಂಜಿನ್‌ನ ಹಳೇ ಟಿಡಿಐ: ಹೊಗೆ ಮೋಸದ ಅಪ್‌ಡೇಟ್ ಮಾಡಿಸಬೇಕಾ, ಬಿಡಬೇಕಾ?

ಹಳೇಡೀಸೆಲ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎರಡು ಗಾಡಿಗಳ ಬಗ್ಗೆ ಸಲಹೆ ಬೇಕು. ಎರಡರಲ್ಲೂ ಇರುವುದು ಫೋಕ್ಸ್‌ವ್ಯಾಗನ್‌ನ ಇಎ189 ಡೀಸೆಲ್ ಎಂಜಿನ್. 2015ರಲ್ಲಿ ಹೊಗೆ ಪರೀಕ್ಷೆಯ ಮೋಸ ಬಯಲಾಗಿದ್ದು ಇದೇ ಎಂಜಿನ್ನಿನ ವಿಚಾರದಲ್ಲಿ.

ಮೊದಲನೆಯದು ಬ್ರಿಟನ್ನಿನಲ್ಲಿ ಕೊಳ್ಳಬೇಕು ಅಂದುಕೊಂಡಿರುವ ಸೆಕೆಂಡ್ ಹ್ಯಾಂಡ್ ಗಾಲ್ಫ್. 2012ರ ಮಾಡೆಲ್, 1.6 ಟಿಡಿಐ 105 ಪಿಎಸ್, ಎಂಜಿನ್ ಕೋಡ್ ಸಿಎವೈಸಿ, 96,000 ಮೈಲಿ ಓಡಿದೆ. ಆ ಮೋಸ ಸರಿಪಡಿಸೋಕೆ ಕಂಪನಿ ತಂದ ಅಪ್‌ಡೇಟ್ ಆಗಿದೆ ಅನ್ನುವುದಕ್ಕೆ ಸರ್ವಿಸ್ ಪುಸ್ತಕದಲ್ಲಿ ಗುರುತಿಲ್ಲ. ಮಾರುವವರು "ಮಾಡಿಸಿಲ್ಲ, ನೀವೂ ಮಾಡಿಸಬೇಡಿ, ಮಾಡಿಸಿದರೆ ಇಜಿಆರ್ (ಹೊಗೆಯನ್ನು ವಾಪಸ್ ಎಂಜಿನ್ನಿಗೆ ಬಿಡುವ ಭಾಗ) ಹೋಗುತ್ತೆ" ಅನ್ನುತ್ತಿದ್ದಾರೆ. ಎರಡನೆಯದು ಇಂಡಿಯಾದಲ್ಲಿ ತಮ್ಮ ಓಡಿಸುತ್ತಿರುವ 2013ರ ವೆಂಟೊ 1.6 ಟಿಡಿಐ.

ಕೇಳಬೇಕಾದ್ದು ಇಷ್ಟು. ಮಾರುವವರು ಹೇಳುತ್ತಿರುವುದು ನಿಜವಾ? ಅಪ್‌ಡೇಟ್ ನಿಜಕ್ಕೂ ಆಗಿದೆಯಾ ಇಲ್ಲವಾ ಅಂತ ಅವರ ಮಾತು ನಂಬದೆ ತಿಳಿಯೋದು ಹೇಗೆ? ಕೊಳ್ಳುವ ಮುಂಚೆ ಏನೇನು ನೋಡಬೇಕು? ಪರಿಹಾರದ ಹಣ ಅಂತ ಏನಾದರೂ ಈಗಲೂ ಸಿಗುತ್ತಾ? ತಮ್ಮನ ಗಾಡಿಗೆ ಇದೆಲ್ಲ ಅನ್ವಯಿಸುತ್ತಾ?

---

ಸ್ಪ್ಯಾನರ್13

ಮಾರುವವರ ಮಾತಿನಲ್ಲಿ ಅರ್ಧ ನಿಜ ಇದೆ. ಯಾವ ಅರ್ಧ ಅಂತ ಗೊತ್ತಾಗಬೇಕಾದರೆ ಆ ಸಾಫ್ಟ್‌ವೇರ್ ಏನು ಮಾಡುತ್ತಿತ್ತು ಅನ್ನುವುದರಿಂದ ಶುರು ಮಾಡಬೇಕು.

ಡೀಸೆಲ್ ಎಂಜಿನ್ ಸಿಲಿಂಡರ್ ಒಳಗೆ ಬಿಸಿ ವಿಪರೀತ ಏರಿದಾಗ ಗಾಳಿಯಲ್ಲಿರುವ ನೈಟ್ರೋಜನ್ ಆಕ್ಸಿಜನ್ ಜತೆ ಸೇರಿ ನಾಕ್ಸ್ ಅನ್ನುವ ಕೆಟ್ಟ ಅನಿಲ (ನೈಟ್ರೋಜನ್ ಆಕ್ಸೈಡ್‌ಗಳು) ಆಗುತ್ತದೆ. ಅದನ್ನು ತಗ್ಗಿಸೋಕೆ ಸೈಲೆನ್ಸರ್ ಕಡೆ ಹೋಗಬೇಕಾದ ಹೊಗೆಯಲ್ಲಿ ಒಂದಷ್ಟನ್ನು ತಣ್ಣಗೆ ಮಾಡಿ ವಾಪಸ್ ಸಿಲಿಂಡರಿಗೇ ಬಿಡುತ್ತಾರೆ. ಅದೇ ಇಜಿಆರ್. ಆಕ್ಸಿಜನ್ ಕಡಿಮೆಯಾಗುತ್ತದೆ, ಉರಿಯ ತುದಿ ತಾಪ ಇಳಿಯುತ್ತದೆ, ನಾಕ್ಸ್ ಇಳಿಯುತ್ತದೆ. ಆದರೆ ಅದೇ ಕಾರಣಕ್ಕೆ ಡೀಸೆಲ್ ಪೂರ್ತಿ ಸುಡದೆ ಮಸಿ ಹೆಚ್ಚಾಗುತ್ತದೆ. ಆ ಮಸಿ ಇಜಿಆರ್ ವಾಲ್ವ್‌ನಲ್ಲಿ, ಕೂಲರ್‌ನಲ್ಲಿ, ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ, ಕೊನೆಗೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್‌ನಲ್ಲಿ ಕೂರುತ್ತದೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ. ಡೀಸೆಲ್ ಎಂಜಿನ್ನಿನ ಇಡೀ ಕಷ್ಟ ಇದು.

ಇಎ189ರ ಸಾಫ್ಟ್‌ವೇರ್‌ನಲ್ಲಿ ಎರಡು ನಡವಳಿಕೆ ಇತ್ತು. ಗಾಡಿ ಪರೀಕ್ಷಾ ಕೇಂದ್ರದ ರೋಲರ್ ಮೇಲಿದೆಯಾ, ರಸ್ತೆ ಮೇಲಿದೆಯಾ ಅಂತ ಅದು ಪತ್ತೆ ಮಾಡುತ್ತಿತ್ತು. ಸ್ಟೀರಿಂಗ್ ತಿರುಗುತ್ತಿದೆಯಾ, ವೇಗ ಹೇಗೆ ಬದಲಾಗುತ್ತಿದೆ, ಎಂಜಿನ್ ಎಷ್ಟು ಹೊತ್ತಿಂದ ಓಡುತ್ತಿದೆ, ಹೊರಗಿನ ಗಾಳಿಯ ಒತ್ತಡ ಎಷ್ಟು ಅನ್ನುವುದನ್ನೆಲ್ಲ ಅದು ನೋಡುತ್ತಿತ್ತು ಅಂತ ಅಮೆರಿಕದ ಪರಿಸರ ಇಲಾಖೆ ಇಪಿಎ 2015ರ ಸೆಪ್ಟೆಂಬರ್ 18ರ ನೋಟಿಸಿನಲ್ಲಿ ಬರೆದಿದೆ. ರೋಲರ್ ಮೇಲೆ ಚಕ್ರ ಓಡುತ್ತದೆ, ಸ್ಟೀರಿಂಗ್ ಅಲುಗುವುದಿಲ್ಲ. ಪರೀಕ್ಷೆ ಅಂತ ಗೊತ್ತಾದ ಕೂಡಲೇ ನಾಕ್ಸ್ ತಗ್ಗಿಸುವ ಕ್ರಮ, ರಸ್ತೆಗಿಳಿದ ಕೂಡಲೇ ಇನ್ನೊಂದು ಕ್ರಮ. ಇದಕ್ಕೂ ಒಂದು ವರ್ಷ ಮುಂಚೆ, 2014ರಲ್ಲಿ ಬಂದ ವರದಿಯಂತೆ, ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಅಳೆಯುವ ಯಂತ್ರವನ್ನು ಡಿಕ್ಕಿಯಲ್ಲಿಟ್ಟುಕೊಂಡು ರಸ್ತೆಯಲ್ಲೇ ಓಡಿಸಿ ನೋಡಿದಾಗ ಜೆಟ್ಟಾದಲ್ಲಿ ನಾಕ್ಸ್ ಅಮೆರಿಕದ ಮಿತಿಗಿಂತ 15ರಿಂದ 35 ಪಟ್ಟು, ಪಸ್ಸಾಟ್‌ನಲ್ಲಿ 5ರಿಂದ 20 ಪಟ್ಟು ಬಂದಿತ್ತು. ಜಗತ್ತಿನಾದ್ಯಂತ ಇಂಥ ಗಾಡಿಗಳು ಸುಮಾರು 1.1 ಕೋಟಿ.

ಈಗ ನಿಮ್ಮ ಗಾಲ್ಫ್‌ಗೆ ಬರೋಣ. ಅಪ್‌ಡೇಟ್ ಆ ಎರಡು ನಡವಳಿಕೆಯನ್ನು ತೆಗೆದು ಒಂದೇ ಮಾಡುತ್ತದೆ. 1.2 ಮತ್ತು 2.0 ಲೀಟರ್‌ಗೆ ಬರೀ ಸಾಫ್ಟ್‌ವೇರ್, ಅರ್ಧ ಗಂಟೆ ಕೆಲಸ. 1.6ಕ್ಕೆ ಸಾಫ್ಟ್‌ವೇರ್ ಜತೆಗೆ ಒಂದು ಸಣ್ಣ ಪ್ಲಾಸ್ಟಿಕ್ ಜಾಲರಿ, ಒಂದು ಗಂಟೆಯೊಳಗೆ ಮುಗಿಯುತ್ತದೆ. ಆ ಜಾಲರಿಯನ್ನು ಏರ್ ಫಿಲ್ಟರ್ ಬಾಕ್ಸ್ ದಾಟಿ ಗಾಳಿ ಎಂಎಎಫ್ ಸೆನ್ಸರಿಗೆ (ಒಳಬರುವ ಗಾಳಿ ಅಳೆಯುವ ಸೆನ್ಸರ್) ಬರುವ ಜಾಗದಲ್ಲಿ ಕೂರಿಸುತ್ತಾರೆ. ಇಷ್ಟು ಸಣ್ಣ ತುಂಡು ಏನು ಮಾಡೀತು ಅನಿಸಬಹುದು. ಈ ಎಂಜಿನ್ ವಾಪಸ್ ಬಂದ ಹೊಗೆಯನ್ನು ನೇರವಾಗಿ ಅಳೆಯುವುದಿಲ್ಲ. ಒಳಗೆ ಹೊಸ ಗಾಳಿ ಎಷ್ಟು ಬಂತು ಅಂತ ಎಂಎಎಫ್‌ನಿಂದ ತಿಳಿದು, ಮಿಕ್ಕಿದ್ದು ಹೊಗೆ ಅಂತ ಲೆಕ್ಕ ಹಾಕುತ್ತದೆ. ಬಾಕ್ಸ್‌ನಿಂದ ಬರುವ ಗಾಳಿ ಸುಳಿ ಸುತ್ತುತ್ತಿದ್ದರೆ ಅಳತೆ ತಪ್ಪುತ್ತದೆ, ಹೊಗೆಯ ಲೆಕ್ಕವೂ ತಪ್ಪುತ್ತದೆ. ಜಾಲರಿ ಆ ಸುಳಿ ಬಿಡಿಸಿ ಗಾಳಿಯನ್ನು ನೇರ ಮಾಡುತ್ತದೆ.

ಅಪ್‌ಡೇಟ್ ಆದ ಮೇಲೆ ರಸ್ತೆಯಲ್ಲೂ ಇಜಿಆರ್ ಹೆಚ್ಚು ದುಡಿಯುತ್ತದೆ, ಇಂಜೆಕ್ಷನ್ ಕ್ರಮವೂ ಬದಲಾಗುತ್ತದೆ. ಇಜಿಆರ್ ಹೋಯಿತು, ಲಿಂಪ್ ಮೋಡ್ (ದೋಷ ಕಂಡಾಗ ಎಂಜಿನ್ ಶಕ್ತಿ ತಾನೇ ತಗ್ಗಿಸಿಕೊಳ್ಳುವುದು) ಬಂತು, ರೀಜೆನ್ (ಡಿಪಿಎಫ್‌ನ ಮಸಿ ಸುಡುವ ಕೆಲಸ) ಪದೇ ಪದೇ ಆಗುತ್ತಿದೆ, ಎಂಜಿನ್ ಸದ್ದು ಒರಟಾಯಿತು ಅನ್ನುವ ದೂರುಗಳೆಲ್ಲ ಬರುವುದು ಇಲ್ಲಿಂದಲೇ. ಮಾರುವವರು ಹೇಳುವ ಅರ್ಧ ನಿಜ ಇದು. ಉಳಿದ ಅರ್ಧವನ್ನು ಅವರು ಹೇಳಿಲ್ಲ. 96,000 ಮೈಲಿ ಓಡಿದ ಗಾಡಿಯಲ್ಲಿ ಇಜಿಆರ್ ಅಪ್‌ಡೇಟ್ ಇಲ್ಲದೆಯೂ ಮಸಿ ಹಿಡಿದಿರುತ್ತದೆ. ಅಲ್ಪಸ್ವಲ್ಪ ಮಾತ್ರ ತೆರೆಯುತ್ತಿದ್ದ ವಾಲ್ವ್‌ನಲ್ಲಿ ದೋಷ ಕಾಣಿಸದೆ ಇರುತ್ತದೆ. ಹೆಚ್ಚು ತೆರೆ ಅಂತ ಹೊಸ ಸಾಫ್ಟ್‌ವೇರ್ ಹೇಳಿದ ದಿನ ಅದು ಅಂಟಿಕೊಂಡಿರುವುದು ಗೊತ್ತಾಗುತ್ತದೆ. ಮೊದಲ ವಾರದಲ್ಲೇ ಲಿಂಪ್ ಮೋಡ್‌ಗೆ ಹೋದ ಗಾಡಿಗಳ ವಿಚಾರದಲ್ಲಿ ನನ್ನ ತೀರ್ಮಾನ ಏನೆಂದರೆ ಕಾಯಿಲೆ ಮೊದಲೇ ಇತ್ತು.

1.6 ಸಿಎವೈಸಿಯಲ್ಲಿ ವಾಲ್ವ್ ಮತ್ತು ಕೂಲರ್ ಒಂದೇ ಜೋಡಣೆ, ಅದೂ ಎಂಜಿನ್ನಿನ ಹಿಂಬದಿ, ಫೈರ್‌ವಾಲ್ (ಎಂಜಿನ್ನಿಗೂ ಒಳಗೆ ಕೂರುವ ಜಾಗಕ್ಕೂ ನಡುವಿನ ಗೋಡೆ) ಕಡೆ. ಕೈ ಹೋಗುವಷ್ಟು ಜಾಗ ಇರಲ್ಲ. ಭಾಗದ ಬೆಲೆಗಿಂತ ಕೂಲಿಯೇ ಭಾರ ಅನಿಸುವ ಕೆಲಸ. ಆದ್ದರಿಂದ "ಹೋದರೆ ಆಮೇಲೆ ನೋಡಿಕೊಳ್ಳೋಣ" ಅನ್ನುವ ಹಾಗಿಲ್ಲ, ಕೊಳ್ಳುವ ಮುಂಚೆಯೇ ಅದರ ಸ್ಥಿತಿ ತಿಳಿದುಕೊಳ್ಳಿ.

---

ಒಬಿಡಿ_ಕೇಬಲ್

ಮೇಲಿನವರು ಕಾರಣ ಹೇಳಿದ್ದಾರೆ, ನಾನು ಪರೀಕ್ಷೆ ಹೇಳುತ್ತೇನೆ. ವಿಸಿಡಿಎಸ್ ಅಥವಾ ಫೋಕ್ಸ್‌ವ್ಯಾಗನ್ ಗುಂಪಿನ ಗಾಡಿಗಳನ್ನು ಪೂರ್ತಿ ಓದುವ ಬೇರೆ ಯಾವುದಾದರೂ ಸ್ಕ್ಯಾನರ್ ಬೇಕು. ಅಗ್ಗದ ಬ್ಲೂಟೂತ್ ತುಂಡಿನಲ್ಲಿ ಫಾಲ್ಟ್ ಕೋಡ್ ಬರುತ್ತದೆ, ಬೇಕಾದ ಅಳತೆಗಳು ಬರುವುದಿಲ್ಲ.

ಅಪ್‌ಡೇಟ್ ಆಗಿದೆಯಾ ಅನ್ನುವುದಕ್ಕೆ ಮೊದಲ ದಾರಿ 17 ಅಕ್ಷರದ ವಿನ್ ನಂಬರ್. ವಿಂಡ್‌ಸ್ಕ್ರೀನಿನ ಕೆಳಮೂಲೆಯಲ್ಲಿ ಕಾಣುತ್ತದೆ. ಅದನ್ನು ಡೀಲರ್‌ಗೆ ಕೊಟ್ಟು ಬಾಕಿ ಇರುವ ಸರ್ವಿಸ್ ಕ್ಯಾಂಪೇನ್ ಏನೇನಿದೆ ಅಂತ ಕೇಳಿ. ಯೂರೋಪಿನಲ್ಲಿ ಈ ಕೆಲಸಕ್ಕೆ ಸಾಮಾನ್ಯವಾಗಿ ಬಳಸಿದ ಸಂಕೇತ 23ಆರ್7. ಎರಡನೇ ದಾರಿ ನೇರ ಗಾಡಿಯಲ್ಲೇ: ಸ್ಕ್ಯಾನರ್ ಹಾಕಿ ಎಂಜಿನ್ ಇಸಿಯುವಿನ (ಎಂಜಿನ್ ನಡೆಸುವ ಕಂಪ್ಯೂಟರ್) ಸಾಫ್ಟ್‌ವೇರ್ ನಂಬರ್ ಬರೆದುಕೊಂಡು ಡೀಲರ್ ದಾಖಲೆಯ ಜತೆ ಹೋಲಿಸಿ. ಜಾಲರಿ ಇದೆಯಾ ಅಂತ ನೋಡಿ ತೀರ್ಮಾನ ಮಾಡಬೇಡಿ. ಎಂಎಎಫ್ ಸೆನ್ಸರಿಗೆ ತನ್ನದೇ ಜಾಲರಿ ಇರಬಹುದು, ಏರ್ ಬಾಕ್ಸ್ ಬದಲಾಗಿರಲೂಬಹುದು.

ಇನ್ನು ಗಾಡಿಯ ಆರೋಗ್ಯ. ಎಂಜಿನ್ ತಣ್ಣಗಿರುವಾಗಲೇ ಹೋಗಿ, ಮಾರುವವರು ಬಿಸಿ ಮಾಡಿಟ್ಟಿರಬಾರದು. ಮೊದಲು ಡಿಪ್‌ಸ್ಟಿಕ್. ಎಣ್ಣೆ ಗರಿಷ್ಠ ಗೆರೆಗಿಂತ ಮೇಲಿದ್ದು ಡೀಸೆಲ್ ವಾಸನೆ ಹೊಡೆದರೆ ರೀಜೆನ್ ಅರ್ಧಕ್ಕೇ ನಿಂತು ನಿಂತು, ಡಿಪಿಎಫ್ ಕಾಯಿಸೋಕೆ ಬಿಟ್ಟ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಎಂಜಿನ್ ತಳದ ಎಣ್ಣೆ ತೊಟ್ಟಿಗೆ (ಸಂಪ್) ಸೇರಿದೆ ಅಂತ ಅರ್ಥ. ಅಂಥ ಎಣ್ಣೆಗೆ ಕಸುವಿರುವುದಿಲ್ಲ, ಟರ್ಬೊ ಬೇರಿಂಗ್ ತಿನ್ನುತ್ತದೆ. ಆ ಗಾಡಿ ಬಿಟ್ಟುಬಿಡಿ, ಚೌಕಾಸಿಗೂ ಇಳಿಯಬೇಡಿ.

ಆಮೇಲೆ ಫಾಲ್ಟ್ ಕೋಡ್. ಪಿ0401 ಬಂದರೆ ಇಜಿಆರ್ ಹರಿವು ಸಾಲುತ್ತಿಲ್ಲ, ಪಿ2463 ಬಂದರೆ ಡಿಪಿಎಫ್‌ನಲ್ಲಿ ಮಸಿ ಜಾಸ್ತಿ. ಪಿ2002 ಬಂದರೆ ಡಿಪಿಎಫ್ ಕೆಲಸ ಮಾಡುತ್ತಿಲ್ಲ. ಫಿಲ್ಟರ್ ಒಡೆದಿರಬಹುದು, ಒಳಗಿನದ್ದು ಕಿತ್ತು ಬರೀ ಡಬ್ಬ ಉಳಿಸಿರಲೂಬಹುದು. ಕೋಡ್ ಏನೂ ಇಲ್ಲ ಅಂದರೆ ಆ ದಿನ ಬೆಳಗ್ಗೆ ಅಳಿಸಿದ್ದಾರಾ ನೋಡಿ. ಸ್ಕ್ಯಾನರ್‌ನಲ್ಲಿ ರೆಡಿನೆಸ್ (ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು) ಪೂರ್ತಿಯಾಗಿಲ್ಲ ಅಂತ ತೋರಿಸಿದರೆ ಹತ್ತಿರದಲ್ಲೇ ಯಾರೋ ಅಳಿಸಿದ್ದಾರೆ.

ಡಿಪಿಎಫ್‌ಗೆ ನಾಲ್ಕು ಅಳತೆ ಬೇಕು: ಮಸಿಯ ತೂಕ, ಬೂದಿಯ ಲೆಕ್ಕ, ಕಳೆದ ರೀಜೆನ್ ಆದಮೇಲೆ ಓಡಿದ ದೂರ, ಫಿಲ್ಟರ್‌ನ ಹಿಂದು ಮುಂದಿನ ಒತ್ತಡದ ವ್ಯತ್ಯಾಸ. ಈ ಕಾಲದ ಫೋಕ್ಸ್‌ವ್ಯಾಗನ್ ಕಾಮನ್ ರೇಲ್ ಎಂಜಿನ್‌ಗಳಲ್ಲಿ ಹೆಚ್ಚುಕಮ್ಮಿ 18ರಿಂದ 24 ಗ್ರಾಂ ಮಸಿಗೆ ಗಾಡಿಯೇ ರೀಜೆನ್ ಶುರು ಮಾಡುತ್ತದೆ. ಅದು ಮುಗಿಯದೆ ಏರುತ್ತ ಹೋದರೆ ಡ್ಯಾಶ್‌ನಲ್ಲಿ ದೀಪ, 40 ಗ್ರಾಂ ಸುಮಾರಿಗೆ ವರ್ಕ್‌ಶಾಪ್ ಕೆಲಸ. 45 ದಾಟಿದರೆ ಸುಡಲು ಹೋಗುವುದೇ ಅಪಾಯ. ಅಷ್ಟು ಮಸಿ ಒಟ್ಟಿಗೆ ಹೊತ್ತಿಕೊಂಡರೆ ಫಿಲ್ಟರ್ ಕರಗಿ ಬಿರುಕು ಬಿಡುತ್ತದೆ. ಬೂದಿಯ ಕಥೆ ಬೇರೆ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಅದು ಎಂಜಿನ್ ಆಯಿಲ್‌ನ ಉಳಿಕೆ, ಹೋಗಬೇಕಾದರೆ ಫಿಲ್ಟರ್ ಬಿಚ್ಚಿ ತೊಳೆಸಬೇಕು ಅಥವಾ ಬದಲಿಸಬೇಕು. ಅದಕ್ಕೇ 507 00 ಗುಣಮಟ್ಟದ, ಬೂದಿ ಕಡಿಮೆ ಬಿಡುವ ಆಯಿಲ್ ಹಾಕಿದ್ದಾರಾ ಅಂತ ಬಿಲ್ಲುಗಳನ್ನು ನೋಡಬೇಕು. ತಪ್ಪು ಆಯಿಲ್ ಹಾಕಿದ ಒಂದೊಂದು ಸರ್ವಿಸೂ ಫಿಲ್ಟರ್‌ನ ಆಯುಸ್ಸು ತಿಂದಿರುತ್ತದೆ.

ಒತ್ತಡದ ಸೆನ್ಸರನ್ನು ಇಗ್ನಿಷನ್ ಹಾಕಿ ಎಂಜಿನ್ ಸ್ಟಾರ್ಟ್ ಮಾಡದೆ ನೋಡಿ, ಸೊನ್ನೆ ಆಸುಪಾಸು ಇರಬೇಕು. ಆಗಲೇ ಸಂಖ್ಯೆ ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ, ಮಸಿಯ ಲೆಕ್ಕವನ್ನೂ ನಂಬುವ ಹಾಗಿಲ್ಲ.

ಇಜಿಆರ್‌ಗೆ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡಲ್‌ನಲ್ಲಿ ಗಾಳಿಯ ತೂಕ ನೋಡಿ. ಇಸಿಯು ಬಯಸಿದ್ದು ಮತ್ತು ನಿಜಕ್ಕೂ ಬಂದದ್ದು, ಎರಡು ಅಂಕಣ ಇರುತ್ತದೆ. 1.6ರಲ್ಲಿ ಒಂದು ಸಿಲಿಂಡರ್ 0.4 ಲೀಟರ್, ಪೂರ್ತಿ ಹೊಸ ಗಾಳಿ ತುಂಬಿದರೆ ಒಂದು ಸ್ಟ್ರೋಕ್‌ಗೆ 400 ಮಿಲಿಗ್ರಾಂ ಮೇಲೆ ಬರುತ್ತದೆ. ಇಜಿಆರ್ ತೆರೆದಾಗ ಅದು ಚೆನ್ನಾಗಿ ಇಳಿಯಲೇಬೇಕು. ಇಸಿಯು ಕಡಿಮೆ ಕೇಳುತ್ತಿದ್ದರೂ 400ರ ಹತ್ತಿರವೇ ನಿಂತಿದ್ದರೆ ವಾಲ್ವ್ ತೆರೆಯುತ್ತಿಲ್ಲ ಅಥವಾ ಕೂಲರ್ ಕಟ್ಟಿದೆ. ತದ್ವಿರುದ್ಧವಾಗಿ, ಮುಚ್ಚು ಅಂದಾಗಲೂ ಗಾಳಿ ಕಡಿಮೆಯೇ ಇದ್ದರೆ ವಾಲ್ವ್ ತೆರೆದಲ್ಲೇ ಅಂಟಿದೆ. ಕಪ್ಪು ಹೊಗೆ, ಎಳೆತ ಇಲ್ಲದಿರುವುದು ಜತೆಗೆ ಬರುತ್ತದೆ. ಕೂಲಂಟ್ ಡಬ್ಬಿಯಲ್ಲಿ ಮಟ್ಟ ಇಳಿದಿದ್ದು ಎಲ್ಲೂ ಸೋರಿಕೆ ಕಾಣದಿದ್ದರೆ ಇಜಿಆರ್ ಕೂಲರ್ ಒಳಗೇ ಸೋರುತ್ತಿರಬಹುದು.

ಇದಿಷ್ಟು ಸರಿ ಇದ್ದು ಅಪ್‌ಡೇಟ್ ಬಾಕಿ ಇದ್ದರೆ, ಮಾಡಿಸುವ ಹಿಂದಿನ ದಿನ ಹೈವೇಯಲ್ಲಿ ಅರ್ಧ ಗಂಟೆ 2,000 ಆರ್‌ಪಿಎಂ ಮೇಲೆ ಓಡಿಸಿ, ರೀಜೆನ್ ಮುಗಿಸಿಕೊಂಡು ಹೋಗಿ. ಈ ಎಲ್ಲ ಅಳತೆಗಳ ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಏನಾದರೂ ಕೆಟ್ಟರೆ "ಮೊದಲೇ ಹಾಳಾಗಿತ್ತು" ಅನ್ನುವ ಮಾತಿಗೆ ಉತ್ತರ ಅದೊಂದೇ. ಬ್ಯಾಟರಿ ಹಳೆಯದಾದರೆ ಮುಂಚೆಯೇ ಹೇಳಿ. ಫ್ಲ್ಯಾಷ್ ಮಾಡುವಾಗ (ಹೊಸ ಸಾಫ್ಟ್‌ವೇರ್ ಬರೆಯುವಾಗ) ಚಾರ್ಜರ್ ಜೋಡಿಸಿಯೇ ಇರಬೇಕು, ನಡುವೆ ವೋಲ್ಟೇಜ್ ಬಿದ್ದರೆ ಇಸಿಯು ಅಲ್ಲೇ ಸತ್ತುಹೋಗಬಹುದು.

---

ಹಳೇಡೀಸೆಲ್

ಇಬ್ಬರಿಗೂ ತುಂಬಾ ಧನ್ಯವಾದ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಇನ್ನೆರಡು ಸಂದೇಹ. ಮಾರುವವರು "ಬೇಕಾದರೆ ಇಜಿಆರ್ ಬ್ಲಾಂಕ್ ಮಾಡಿಸಿ (ಮುಚ್ಚಿಸಿ), ರೀಮ್ಯಾಪ್ ಮಾಡಿಸಿ (ಎಂಜಿನ್ ಸಾಫ್ಟ್‌ವೇರ್ ತಿದ್ದಿಸಿ), ತಲೆನೋವೇ ಇರಲ್ಲ" ಅಂತಲೂ ಅಂದರು. ಅದು ಸರೀನಾ? ಹೊಗೆ ಹೆಚ್ಚು ಬಿಡುವ ಗಾಡಿಗಳಿಗೆ ಲಂಡನ್ನಿನಲ್ಲಿ ಹಾಕುವ ಯೂಲೆಜ್ ಶುಲ್ಕಕ್ಕೂ ಅಪ್‌ಡೇಟ್‌ಗೂ ಸಂಬಂಧ ಇದೆಯಾ?

---

ಕಡತ_ವಿಭಾಗ

ಯೂಲೆಜ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮ ತೀರ್ಮಾನ ಬಹುಶಃ ಅಲ್ಲೇ ಆಗುತ್ತದೆ. ಯೂರೋಪಿನ ಹೊಗೆ ಮಾನದಂಡದಲ್ಲಿ ಈ ಗಾಲ್ಫ್ ಯೂರೋ 5. ಯೂಲೆಜ್ ಕೇಳುವುದು ಡೀಸೆಲ್‌ಗೆ ಯೂರೋ 6. ಅಪ್‌ಡೇಟ್ ಮಾಡಿಸಿದರೂ ಯೂರೋ 5 ಗಾಡಿ ಯೂರೋ 6 ಆಗುವುದಿಲ್ಲ. 2023ರ ಆಗಸ್ಟ್ 29ರಿಂದ ಲಂಡನ್ನಿನ ಎಲ್ಲ ಬರೋಗಳೂ (ಆಡಳಿತ ವಿಭಾಗಗಳು) ಅದರೊಳಗೆ ಬಂದಿವೆ, ದಿನಕ್ಕೆ 12.50 ಪೌಂಡ್. ವಾರಕ್ಕೆ ಎರಡು ಸಲ ಒಳಗೆ ಹೋದರೂ ವರ್ಷಕ್ಕೆ 1,300 ಪೌಂಡ್ ಆಗುತ್ತದೆ. ಹಾಗಿದ್ದರೆ ಈ ಗಾಡಿಯ ಲೆಕ್ಕವೇ ಬೇಡ.

ಪರಿಹಾರದ ಹಣದ ವಿಷಯ. ಬೇಸರದ ಉತ್ತರ, ಆದರೆ ತಿಳಿದಿರಲಿ: ಇಎ189ಕ್ಕೆ ಈಗ ಕೊಳ್ಳುವವರಿಗೆ ಸಿಗುವಂಥದ್ದು ಉಳಿದಿಲ್ಲ. ಯಾರಿಗೆ ಎಷ್ಟು ಸಿಕ್ಕಿತು ಅನ್ನುವುದು ಗಾಡಿ ಯಾವ ದೇಶದಲ್ಲಿತ್ತು ಅನ್ನುವುದರ ಮೇಲೆ ನಿಂತಿತು, ಮೋಸ ಒಂದೇ ಆದರೂ.

ಅಮೆರಿಕದಲ್ಲಿ 2.0 ಲೀಟರ್‌ನ ಸುಮಾರು 4,75,000 ಗಾಡಿಗಳಿಗೆ 2016ರ ಅಕ್ಟೋಬರಿನಲ್ಲಿ ಕೋರ್ಟ್ ಒಪ್ಪಂದವನ್ನು ಅಂತಿಮ ಮಾಡಿತು. ಬೇಕಾದವರು ಗಾಡಿ ವಾಪಸ್ ಕೊಡಬಹುದಿತ್ತು, ಅದೂ ಹಗರಣ ಹೊರಬರುವ ಮುಂಚಿನ ಬೆಲೆಗೆ. ಅದರ ಮೇಲೆ ಮಾಲೀಕರಿಗೆ 5,100ರಿಂದ 10,000 ಡಾಲರ್‌ವರೆಗೆ ಪರಿಹಾರ. ಜರ್ಮನಿಯಲ್ಲಿ ಅಪ್‌ಡೇಟ್ ಕಡ್ಡಾಯ. ಅಲ್ಲಿನ ಸಾರಿಗೆ ಪ್ರಾಧಿಕಾರ ಕೆಬಿಎ 2015ರಲ್ಲೇ 24 ಲಕ್ಷ ಗಾಡಿಗಳ ರಿಕಾಲ್‌ಗೆ ಆದೇಶಿಸಿತು, ಮಾಡಿಸದವರಿಗೆ ಗಾಡಿ ಓಡಿಸುವ ಹಕ್ಕೇ ಹೋಗುವ ಸ್ಥಿತಿ. ಅಲ್ಲಿನ ಗ್ರಾಹಕ ಸಂಘಟನೆಯ ಸಾಮೂಹಿಕ ದಾವೆ 2020ರಲ್ಲಿ ರಾಜಿಯಾಗಿ, ಗಾಡಿಯ ಮಾಡೆಲ್ ಮತ್ತು ವಯಸ್ಸಿನ ಮೇಲೆ 1,350ರಿಂದ 6,257 ಯೂರೊ ಬಂತು. ಅದೇ ವರ್ಷ ಮೇ 25ರಂದು ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯ, ಒಬ್ಬ ಮಾಲೀಕರ ಕೇಸಿನಲ್ಲಿ ಕಂಪನಿ ಗಾಡಿ ವಾಪಸ್ ತಗೊಂಡು ಹಣ ಕೊಡಬೇಕು, ಓಡಿಸಿದ ಕಿಲೋಮೀಟರಿಗೆ ತಕ್ಕಂತೆ ಕಳೆಯಬಹುದು ಅಂತ ತೀರ್ಪಿತ್ತಿತು. ಬ್ರಿಟನ್ನಿನಲ್ಲಿ ಅಪ್‌ಡೇಟ್ ಕಡ್ಡಾಯವಲ್ಲ. 2022ರ ಮೇನಲ್ಲಿ ಸುಮಾರು 91,000 ದಾವೆದಾರರಿಗೆ 19.3 ಕೋಟಿ ಪೌಂಡ್ ಕೊಟ್ಟು ಕಂಪನಿ ರಾಜಿ ಮಾಡಿಕೊಂಡಿತು, ತಪ್ಪೊಪ್ಪಿಕೊಳ್ಳದೆ. ಆ ಪಟ್ಟಿಯಲ್ಲಿದ್ದವರಿಗಷ್ಟೇ ಹಣ. ನಂತರ ಗಾಡಿ ಕೊಂಡವರಿಗೆ ಅದರಲ್ಲಿ ಪಾಲಿಲ್ಲ.

ಮರ್ಸಿಡಿಸ್, ಫೋರ್ಡ್, ರೆನೊ, ನಿಸ್ಸಾನ್, ಪ್ಯೂಜೊ ಮತ್ತು ಸಿಟ್ರೊಯನ್ ಡೀಸೆಲ್‌ಗಳ ಕೇಸು ಬೇರೆ. ಅದರ ವಿಚಾರಣೆ ಲಂಡನ್ ಹೈಕೋರ್ಟಿನಲ್ಲಿ 2025ರ ಅಕ್ಟೋಬರಿನಲ್ಲಿ ಶುರುವಾಯಿತು, ಕಂಪನಿಗಳು ಆರೋಪ ಅಲ್ಲಗಳೆದಿವೆ. ಅಂಥ ಗಾಡಿ ಇದ್ದವರು ಕೊಂಡ ರಸೀದಿ, ಫೈನಾನ್ಸ್ ಕಾಗದ, ನೋಂದಣಿಯ ವಿ5ಸಿ ಪುಸ್ತಕದ ಪ್ರತಿ, ಸರ್ವಿಸ್ ಬಿಲ್ ಜೋಪಾನವಾಗಿಟ್ಟುಕೊಳ್ಳಿ. ಗಾಡಿ ಮಾರುವಾಗ ಕಾಗದವನ್ನೆಲ್ಲ ಕೊಟ್ಟುಬಿಟ್ಟರೆ ಆಮೇಲೆ ಏನನ್ನೂ ಸಾಬೀತು ಮಾಡಲಾಗುವುದಿಲ್ಲ.

ಇಂಡಿಯಾ. ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ರಸ್ತೆಯಲ್ಲಿ ಓಡಿಸಿ ಅಳೆದಾಗ ನಾಕ್ಸ್ ಬಿಎಸ್ 4 ಮಿತಿಗಿಂತ 1.1ರಿಂದ 2.6 ಪಟ್ಟು ಬಂತು. 2015ರ ಡಿಸೆಂಬರಿನಲ್ಲಿ ಕಂಪನಿ 3,23,700 ಗಾಡಿಗಳನ್ನು ತಾನಾಗಿಯೇ ರಿಕಾಲ್ ಮಾಡುವುದಾಗಿ ಹೇಳಿತು: 1,98,500 ಫೋಕ್ಸ್‌ವ್ಯಾಗನ್, 88,700 ಸ್ಕೋಡಾ, 36,500 ಆಡಿ. 2008ರಿಂದ 2015ರ ನವೆಂಬರ್ ಕೊನೆಯವರೆಗಿನ 1.2, 1.5, 1.6 ಮತ್ತು 2.0 ಲೀಟರ್ ಇಎ189 ಗಾಡಿಗಳು. ನಿಮ್ಮ ತಮ್ಮನ ವೆಂಟೊ ಇದರೊಳಗೆ ಬರುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮಾರ್ಚ್ 7ರಂದು 500 ಕೋಟಿ ರೂಪಾಯಿ ದಂಡ ಹಾಕಿತು, ವಸೂಲಿಗೆ ಬಲವಂತದ ಕ್ರಮ ಬೇಡ ಅಂತ ಸುಪ್ರೀಂ ಕೋರ್ಟ್ ಅದೇ ವರ್ಷ ತಡೆಯಿತು. ಅದು ಪರಿಸರಕ್ಕಾದ ಹಾನಿಯ ಲೆಕ್ಕ, ಮಾಲೀಕರಿಗೆ ಒಂದು ರೂಪಾಯಿಯೂ ಅದರಿಂದ ಬರುವುದಿಲ್ಲ. ಒಂದೇ ಎಂಜಿನ್, ಒಂದೇ ಮೋಸ, ಅಮೆರಿಕದ ಮಾಲೀಕನಿಗೆ ಹತ್ತು ಸಾವಿರ ಡಾಲರ್‌ವರೆಗೆ, ನಮ್ಮವರಿಗೆ ಏನೂ ಇಲ್ಲ. ಇದು ನನಗೆ ಈಗಲೂ ಅನ್ಯಾಯ ಅನಿಸುತ್ತದೆ. ಇಂಡಿಯಾಕ್ಕೆ ಇದು ಮೊದಲ ಅನುಭವವೂ ಆಗಿರಲಿಲ್ಲ. 2013ರ ಜುಲೈನಲ್ಲಿ 1.14 ಲಕ್ಷ ಷೆವರ್ಲೆ ಟವೇರಾ ರಿಕಾಲ್ ಆಗಿದ್ದು, ತಪಾಸಣೆಗೆ ಕೊಡುವ ಗಾಡಿಗಳಿಗೆ ಹೊಗೆ ಕಡಿಮೆ ಬಿಡುವ ಎಂಜಿನ್‌ಗಳನ್ನು ಆರಿಸಿ ಕೂರಿಸುತ್ತಿದ್ದದ್ದು ಬಯಲಾದ ಮೇಲೆ.

---

ಸ್ಪ್ಯಾನರ್13

ಬ್ಲಾಂಕ್ ಮತ್ತು ರೀಮ್ಯಾಪ್ ಬಗ್ಗೆ. ಬೇಡ. ಇಜಿಆರ್‌ಗೆ ತಗಡು ಮುಚ್ಚಿದರೆ ಗಾಳಿಯ ತೂಕ 400ರ ಮೇಲೇ ನಿಲ್ಲುತ್ತದೆ, ಪಿ0401 ಬರುತ್ತದೆ, ಎಂಜಿನ್ ದೀಪ ಉರಿಯುತ್ತದೆ. ಬ್ರಿಟನ್ನಿನಲ್ಲಿ 2008ರ ಜುಲೈ 1ರ ನಂತರದ ಡೀಸೆಲ್‌ಗಳಿಗೆ ಎಂಜಿನ್ ದೀಪ ಉರಿಯುತ್ತಿದ್ದರೆ ಎಂಒಟಿ (ಅಲ್ಲಿನ ವಾರ್ಷಿಕ ವಾಹನ ತಪಾಸಣೆ) ಫೇಲ್. ದೀಪ ಬರದ ಹಾಗೆ ಸಾಫ್ಟ್‌ವೇರ್ ತಿದ್ದಿದರೆ, ಕಂಪನಿ ಮಾಡಿದ್ದ ಮೋಸವನ್ನೇ ನಾವು ನಮ್ಮ ಗಾಡಿಗೆ ಮಾಡಿಕೊಂಡ ಹಾಗೆ, ಈ ಸಲ ಹೊಣೆ ಮಾತ್ರ ಮಾಲೀಕನದು. ಡಿಪಿಎಫ್ ಒಳಗನ್ನು ಕಿತ್ತಿದ್ದು ಗೊತ್ತಾದರೂ ಎಂಒಟಿ ಫೇಲ್, 2014ರ ಫೆಬ್ರವರಿಯಿಂದ ಆ ನಿಯಮ ಇದೆ. ಗಾಡಿಗೆ ಈಗಾಗಲೇ ರೀಮ್ಯಾಪ್ ಆಗಿದ್ದರೆ ಕಂಪನಿಯ ಅಪ್‌ಡೇಟ್ ಅದನ್ನು ಅಳಿಸಿಹಾಕುತ್ತದೆ, ಅದರ ಮೇಲೆ ಮತ್ತೆ ಹಳೇ ಮ್ಯಾಪ್ ಫೈಲ್ ಬರೆದರೆ ಸಾಫ್ಟ್‌ವೇರ್ ಹೊಂದದೆ ಇಸಿಯು ಕೈಕೊಡಬಹುದು.

ಇನ್ನೊಂದು ವಿಷಯ ಹೇಳಲೇಬೇಕು, ಅಪ್‌ಡೇಟ್ ಮಾಡಿಸಿದ ಗಾಡಿ ಶುದ್ಧ ಅಂತ ಯಾರೂ ಅಂದುಕೊಳ್ಳಬಾರದು. ಅಪ್‌ಡೇಟ್‌ನಲ್ಲೇ ಒಂದು ತಾಪದ ಕಿಟಕಿ ಇದೆ. ಹೊರಗಿನ ಗಾಳಿ 15ರಿಂದ 33 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ಮಾತ್ರ ಇಜಿಆರ್ ಪೂರ್ತಿ ಕೆಲಸ ಮಾಡುತ್ತದೆ. ಅದರಾಚೆ, ಮತ್ತೆ 1,000 ಮೀಟರಿಗಿಂತ ಎತ್ತರದಲ್ಲಿ, ಹಂತ ಹಂತವಾಗಿ ಇಳಿಯುತ್ತದೆ. ಇದೂ ಹೊಗೆ ನಿಯಂತ್ರಣ ತಗ್ಗಿಸುವ ನಿಷಿದ್ಧ ಸಾಧನವೇ ಅಂತ ಯೂರೋಪಿನ ನ್ಯಾಯಾಲಯ 2022ರ ಜುಲೈ 14ರಂದು ಹೇಳಿತು. ಎಂಜಿನ್ ಉಳಿಸೋಕೆ ಹಾಗೆ ಮಾಡಿದ್ದು ಅನ್ನುವ ಕಂಪನಿಯ ವಾದವನ್ನು, ವರ್ಷದ ಬಹುಭಾಗ ಕೆಲಸ ಮಾಡುವ ಅಂಥ ಸಾಧನಕ್ಕೆ ಅದು ಸಮರ್ಥನೆಯಾಗದು ಅಂತ ತಳ್ಳಿತು. ಬ್ರಿಟನ್ನಿನ ಚಳಿಗಾಲದಲ್ಲಿ 15 ಡಿಗ್ರಿ ಎಲ್ಲಿಂದ ಬರಬೇಕು?

ಅಂದರೆ ನಿಮ್ಮ ಇಜಿಆರ್‌ಗೆ ಹೆಚ್ಚುವರಿ ದುಡಿಮೆ ಮುಖ್ಯವಾಗಿ ಬೇಸಗೆಯಲ್ಲಿ. ಅಪ್‌ಡೇಟ್ ಆದ ಮೊದಲ ಬೇಸಗೆಯಲ್ಲಿ ಮೇಲಿನವರು ಹೇಳಿದ ಐಡಲ್ ಅಳತೆಯನ್ನು ಇನ್ನೊಮ್ಮೆ ನೋಡಿ.

---

ಲಾಂಗ್‌ರೂಟ್

ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ಓಡಾಟ ಯಾವ ರೀತಿ ಅಂತ ಯಾರೂ ಕೇಳಲೇ ಇಲ್ಲ. ದಿನಕ್ಕೆ 5 ಮೈಲಿ, ಸ್ಕೂಲು, ಅಂಗಡಿ ಅಂತಾದರೆ ಅಪ್‌ಡೇಟ್ ಆಗಿರಲಿ, ಆಗದೆ ಇರಲಿ, ಡಿಪಿಎಫ್ ಇರುವ ಡೀಸೆಲ್ಲೇ ಬೇಡ. ಡಿಪಿಎಫ್ ಸುಡೋಕೆ 600 ಡಿಗ್ರಿ ದಾಟಬೇಕು, ಆ ಓಡಾಟದಲ್ಲಿ ಎಂಜಿನ್ನೇ ಬಿಸಿಯಾಗಲ್ಲ. ವಾರಕ್ಕೆ ಎರಡು ಮೂರು ಸಲ 20-30 ನಿಮಿಷ ಹೈವೇ ಸಿಗುತ್ತದೆ ಅಂದರೆ ಯೋಚಿಸಿ. ರೀಜೆನ್ ನಡೆಯುವಾಗ ಐಡಲ್ 1,000 ಆರ್‌ಪಿಎಂ ಹತ್ತಿರ ಏರಿರುತ್ತದೆ, ಸ್ಟಾರ್ಟ್-ಸ್ಟಾಪ್ ಕೆಲಸ ಮಾಡಲ್ಲ, ನಿಲ್ಲಿಸಿದ ಮೇಲೂ ಫ್ಯಾನ್ ಓಡುತ್ತದೆ. ಆಗ ಎಂಜಿನ್ ಆಫ್ ಮಾಡದೆ ಇನ್ನೊಂದು ಹತ್ತು ನಿಮಿಷ ಓಡಿಸಿ.

ಅಪ್‌ಡೇಟ್ ಮಾಡಿಸುವವರಿಗೆ ಕಂಪನಿ ಒಂದು ಭರವಸೆ ಕೊಟ್ಟಿತ್ತು: ಅಪ್‌ಡೇಟ್ ಆದ 24 ತಿಂಗಳೊಳಗೆ, ಗಾಡಿ 1,60,000 ಮೈಲಿ ದಾಟಿರದಿದ್ದರೆ, ಹೊಗೆ ನಿಯಂತ್ರಣದ ಗೊತ್ತುಪಡಿಸಿದ 11 ಭಾಗಗಳಲ್ಲಿ ಅಪ್‌ಡೇಟ್‌ನಿಂದ ದೋಷ ಬಂದರೆ ಉಚಿತವಾಗಿ ಸರಿಪಡಿಸುವುದಾಗಿ. ಗಾಡಿ ಬಿಡುವ ಮುಂಚೆಯೇ ಇದು ನಿಮ್ಮ ವಿನ್ ನಂಬರಿಗೆ ಈಗಲೂ ಉಂಟಾ ಅಂತ ಇಮೇಲ್‌ನಲ್ಲಿ ಕೇಳಿ ಉತ್ತರ ತರಿಸಿಕೊಳ್ಳಿ. "ಇಲ್ಲ" ಅಂದರೆ ಇಜಿಆರ್‌ನ ಪೂರ್ತಿ ಖರ್ಚನ್ನು ಗಾಡಿಯ ಬೆಲೆಯಿಂದ ಕಳೆದು ಚೌಕಾಸಿ ಮಾಡಿ. ಕಾಗದದಲ್ಲಿ ಉತ್ತರ ಇಲ್ಲದೆ ನಾನಾದರೆ ಮಾಡಿಸಲ್ಲ.

---

ಒಬಿಡಿ_ಕೇಬಲ್

ಕಾಗದದಲ್ಲಿ ಉತ್ತರ ಬೇಕು ಅನ್ನುವುದಕ್ಕೆ ನನ್ನ ಒಪ್ಪಿಗೆ ಇದೆ. ಮಾಡಿಸಲೇಬಾರದು ಅನ್ನುವುದಕ್ಕಿಲ್ಲ. ಅಳತೆ ಸರಿ ಇರುವ ಗಾಡಿಗೆ ಮಾಡಿಸಬಹುದು, ಮಾಡಿಸಬೇಕು. ಆ ನಾಕ್ಸ್ ಉಸಿರಾಡುವವರು ಪಕ್ಕದ ಫುಟ್‌ಪಾತಿನಲ್ಲೇ ಇರುತ್ತಾರೆ.

ತಮ್ಮನ ವೆಂಟೊ ಬಗ್ಗೆ ಯಾರೂ ತಾಂತ್ರಿಕವಾಗಿ ಹೇಳಲಿಲ್ಲ. ಅದು ಬಿಎಸ್ 4, ಡಿಪಿಎಫ್ ಇಲ್ಲ. ಹಾಗಾಗಿ ರೀಜೆನ್, ಎಣ್ಣೆಗೆ ಡೀಸೆಲ್ ಇಳಿಯುವ ತೊಂದರೆ ಅದಕ್ಕಿಲ್ಲ. ಇಜಿಆರ್ ಇದೆ, ಗಾಳಿಯ ತೂಕದ ಪರೀಕ್ಷೆ ಹಾಗೇ ಅನ್ವಯಿಸುತ್ತದೆ. ಪಿಯುಸಿ ಸರ್ಟಿಫಿಕೇಟ್ ಇದೆ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಡೀಸೆಲ್‌ಗೆ ಪಿಯುಸಿಯಲ್ಲಿ ನೋಡುವುದು ನಿಂತಲ್ಲೇ ಆಕ್ಸಿಲರೇಟರ್ ಒತ್ತಿದಾಗ ಹೊಗೆ ಎಷ್ಟು ದಟ್ಟ ಅನ್ನುವುದು, ಬಿಎಸ್ 4ಕ್ಕೆ 50 ಎಚ್‌ಎಸ್‌ಯು (ಹೊಗೆಯ ದಟ್ಟಣೆಯ ಅಳತೆ) ಮಿತಿ. ನಾಕ್ಸ್ ಅಳೆಯುವುದೇ ಇಲ್ಲ. ಅಪ್‌ಡೇಟ್ ಆಗದ ಗಾಡಿಯೂ ಪಾಸಾಗುತ್ತದೆ. ಇಜಿಆರ್ ಮುಚ್ಚಿದ ಗಾಡಿಯಂತೂ ಮಸಿ ಕಡಿಮೆ ಇರುವುದರಿಂದ ಇನ್ನೂ ಚೆನ್ನಾಗಿ ಪಾಸಾಗುತ್ತದೆ.

ತಮ್ಮನಿಗೆ ಹೇಳಿ: ಮುಂದಿನ ಸರ್ವಿಸ್‌ಗೆ ಬಿಡುವಾಗ ಜಾಬ್ ಕಾರ್ಡ್‌ನಲ್ಲೇ "ಇಎ189 ರಿಕಾಲ್ ಆಗಿದೆಯಾ, ಇಸಿಯು ಸಾಫ್ಟ್‌ವೇರ್ ನಂಬರ್ ಏನು" ಅಂತ ಬರೆಸಲಿ. ಬರೆಸಿದರೆ ಬರಹದಲ್ಲೇ ಉತ್ತರ ಬರುತ್ತದೆ. ಬಾಕಿ ಇದ್ದರೆ ಅವತ್ತೇ ಮಾಡಿಸಿಕೊಳ್ಳಬೇಡಿ, ಇಜಿಆರ್ ವಾಲ್ವ್ ಬಿಚ್ಚಿ ಮಸಿ ತೆಗೆಸಿದ ಮೇಲೆ ಮಾಡಿಸಿ.